ಬೋರ್ಡು ನೋಡಬೇಡಿ, ಒಲೆ ನೋಡಿ: ದಾವಣಗೆರೆಯಲ್ಲಿ ಎಲ್ಲಿ ತಿನ್ನಬೇಕು, ಏನು ತಿನ್ನಬೇಕು

ದಾವಣಗೆರೆ ಬಸ್ ನಿಲ್ದಾಣದಲ್ಲಿ ಇಳಿಯುವ ಪರಊರಿನವರು ಕೇಳುವ ಮೊದಲನೇ ಪ್ರಶ್ನೆ ಒಂದೇ: “ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ರೀ?” ಆಟೋದವ ಒಂದು ಹೆಸರು ಹೇಳುತ್ತಾನೆ, ಪಾನ್ ಬೀಡಾ ಅಂಗಡಿಯವ ಇನ್ನೊಂದು ಹೇಳುತ್ತಾನೆ, ಪಕ್ಕದಲ್ಲಿ ನಿಂತವರು “ಅವೆರಡೂ ಬ್ಯಾಡ, ನಮ್ಮ ಓಣಿ ಹೋಟ್ಲಿಗೆ ಬರ್ರಿ” ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಈ ಊರಿನಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ಹೋಟ್ಲು ಇದೆ, ಒಬ್ಬ ಮಿರ್ಚಿ ಅಂಗಡಿಯವ ಇದ್ದಾನೆ, ಬಾಕಿ ಬರೆಸುವ ಒಂದು ಖಾನಾವಳಿ ಇದೆ.

2011ರ ಜನಗಣತಿಯಲ್ಲೇ 4 ಲಕ್ಷ ದಾಟಿದ ಊರು ಇದು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಹರಿಹರದ ಕಡೆಯಿಂದ ಬೆಳಿಗ್ಗೆ ಬಂದು ಸಂಜೆ ಹೋಗುವವರ ಲೆಕ್ಕ ಬೇರೆ. ಕೋರ್ಟು, ಆಸ್ಪತ್ರೆ, ಮಂಡಿ, ಕಾಲೇಜು, ಬಟ್ಟೆ ಅಂಗಡಿ, ಎಲ್ಲ ಕೆಲಸಕ್ಕೂ ದಾವಣಗೆರೆಯೇ. ಕೆಲಸ ಆಗಲಿ ಬಿಡಲಿ, ಹೊಟ್ಟೆ ಕೇಳುತ್ತದೆಯೇ? ಈ ಹೊಟ್ಟೆಗಳನ್ನು ನಂಬಿಕೊಂಡು ಕಾವಲಿ ಕಾಯಿಸುವವರು, ಈ ಕಾವಲಿಗಳನ್ನು ನಂಬಿಕೊಂಡು ಬಸ್ಸು ಹತ್ತುವವರು, ಇಬ್ಬರೂ ಈಗ ಸ್ವಲ್ಪ ಇಕ್ಕಟ್ಟಿನಲ್ಲಿದ್ದಾರೆ. ಬೆಣ್ಣೆಯಿಂದ ಹಿಡಿದು ತೆಂಗಿನಕಾಯಿವರೆಗೆ ಎಲ್ಲದರ ದರ ಕುಣಿಯುತ್ತಿರುವ ಕಾಲದಲ್ಲಿ ಊರಿನ ರುಚಿ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ ಎಂದು ಬೆಳಗಿನಿಂದ ರಾತ್ರಿವರೆಗೆ ಒಂದು ಸುತ್ತು ಹಾಕಿ ನೋಡಬಹುದು.

ಚೆನ್ನಮ್ಮನ ಒಲೆ

ಬೆಣ್ಣೆ ದೋಸೆಯ ಕಥೆ ಊರಿನ ಹಿರಿಯರ ಬಾಯಲ್ಲಿ ಹೀಗಿದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದರು. ವಸಂತ ಟಾಕೀಸ್ ಹತ್ತಿರ ಸಾವಳಗಿ ನಾಟಕದ ಥಿಯೇಟರಿನ ಹೊರಗೆ ಒಲೆ ಹೂಡಿ ದೋಸೆ ಹಾಕಿದರು. ಆಗಿನದು ಅಕ್ಕಿ ದೋಸೆಯಲ್ಲ, ರಾಗಿ ದೋಸೆ. ಜೊತೆಗೆ ಪಲ್ಯ, ಚಟ್ನಿ. 1938ರ ಹೊತ್ತಿಗೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂತು. 1944ರಲ್ಲಿ ಮಕ್ಕಳಾದ ಶಾಂತಪ್ಪ, ಮಹದೇವಪ್ಪ ಬೇರೆ ಬೇರೆ ಹೋಟ್ಲು ಇಟ್ಟರು. ಅಲ್ಲಿಂದ ಊರೆಲ್ಲ ಹಬ್ಬಿತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಇಂದು ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ “ದಾವಣಗೆರೆ ಬೆಣ್ಣೆ ದೋಸೆ” ಎಂದು ದೀಪದ ಬೋರ್ಡು ಹಾಕಿಕೊಂಡು ನಡೆಯುವ ವ್ಯಾಪಾರ ಶುರುವಾದದ್ದು ದೊಡ್ಡ ಬಂಡವಾಳದಿಂದ ಅಲ್ಲ. ನಾಟಕ ನೋಡಲು ಬಂದವರಿಗೆ, ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದವರಿಗೆ, ಮಂಡಿಗೆ ಗಾಡಿ ಹೊಡೆದುಕೊಂಡು ಬಂದ ರೈತರಿಗೆ ಬಿಸಿ ಬಿಸಿ ಏನಾದರೂ ಕೊಡಬೇಕು ಎಂಬ ಬದುಕಿನ ಗರಜಿನಿಂದ. ಗಿರಣಿಗಳ ಊರು ಎಂದು ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದೋಸೆ ಕಾವಲಿ ಮಾತ್ರ ಆರಲಿಲ್ಲ.

ಮೂರು ಬಗೆ, ಒಂದೇ ಹಿಟ್ಟು

ಪರಊರಿನವರು ತಿಳಿದುಕೊಂಡ ಹಾಗೆ ಬೆಣ್ಣೆ ದೋಸೆ ಎಂದರೆ ಮಸಾಲೆ ದೋಸೆಯ ಮೇಲೆ ಬೆಣ್ಣೆ ಹಾಕಿದ್ದು ಅಲ್ಲ. ಇಲ್ಲಿನ ಹೋಟ್ಲಿನಲ್ಲಿ ಕೂತರೆ ಮಾಣಿ ಕೇಳುವುದೇ ಹೀಗೆ: “ಬೆಣ್ಣೆಯೋ, ಖಾಲಿಯೋ, ಓಪನ್ನೋ?”

ಬೆಣ್ಣೆ ದೋಸೆ ಎಂದರೆ ಕಾವಲಿಯ ಮೇಲೆ ಬೆಣ್ಣೆ ಬಿದ್ದು ಅಂಚು ಗರಿಗರಿ, ನಡು ಮೆತ್ತಗೆ. ಪಲ್ಯ ಒಳಗೆ ಇರುವುದಿಲ್ಲ, ಪಕ್ಕದಲ್ಲಿ. ಖಾಲಿ ದೋಸೆ ಎಂದರೆ ದಪ್ಪ, ಸ್ಪಂಜಿನ ಹಾಗೆ, ಹಲ್ಲಿಲ್ಲದ ಅಜ್ಜನೂ ತಿನ್ನಬಹುದು. ಓಪನ್ ದೋಸೆ ಎಂದರೆ ಮಡಚದೆ ತೆರೆದೇ ಕೊಡುವಂಥದು, ಮೇಲೆ ಚಟ್ನಿಪುಡಿ, ಪಲ್ಯ, ಬೆಣ್ಣೆ. ಮೂರಕ್ಕೂ ಹಿಟ್ಟು ಒಂದೇ. ಕೈ ಬೇರೆ, ಬೆಂಕಿ ಬೇರೆ.

ಪಲ್ಯ ನೋಡಿದರೆ ಅಸಲಿ ನಕಲಿ ಗೊತ್ತಾಗುತ್ತದೆ. ದಾವಣಗೆರೆ ಪಲ್ಯಕ್ಕೆ ಅರಿಶಿನದ ಬಣ್ಣ ಇಲ್ಲ. ಬೆಂದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಬೆಳ್ಳಗೆ, ಸಪ್ಪಗೆ. ಸಪ್ಪಗಿರುವುದು ಬೇಕಂತಲೇ. ಯಾಕೆಂದರೆ ಖಾರ ಚಟ್ನಿಯಲ್ಲಿದೆ, ಹುಳಿ ಹಿಟ್ಟಿನಲ್ಲಿದೆ, ಜಿಡ್ಡು ಬೆಣ್ಣೆಯಲ್ಲಿದೆ. ಎಲ್ಲರೂ ಒಟ್ಟಿಗೆ ಕೂಗಾಡಿದರೆ ಯಾರ ಮಾತೂ ಕೇಳುವುದಿಲ್ಲ ಎಂಬ ಹಾಗೆ, ಪಲ್ಯ ಸುಮ್ಮನಿರುತ್ತದೆ.

ಹಿಟ್ಟಿಗೆ ಮಂಡಕ್ಕಿ ಹಾಕುವುದು ಈ ಊರಿನ ಕೈಗುಣ. ನೆನೆಸಿದ ಮಂಡಕ್ಕಿ ಅರೆದು ಸೇರಿಸಿದರೆ ದೋಸೆ ಹಗುರಾಗುತ್ತದೆ, ನಡುವೆ ತೂತು ಬಿಡುತ್ತದೆ. ಅಕ್ಕಿಗೆ ಉದ್ದು ಎಷ್ಟು, ಮಂಡಕ್ಕಿ ಎಷ್ಟು, ಒಬ್ಬೊಬ್ಬರದು ಒಂದೊಂದು ಅಳತೆ. ಅದನ್ನು ಮಾತ್ರ ಕೇಳಬೇಡಿ. ಕೇಳಿದರೆ ಗಲ್ಲಾಪೆಟ್ಟಿಗೆಯವರು ನಗುತ್ತಾರೆಯೇ ವಿನಾ ಹೇಳುವುದಿಲ್ಲ.

ಶ್ರೀ ಗುರು ಕೊಟ್ಟೂರೇಶ್ವರ ಬೆಣ್ಣೆ ದೋಸೆ ಹೋಟೆಲಿನಂಥ ಹೆಸರಾದ ಜಾಗಗಳಲ್ಲಿ ಭಾನುವಾರ ಬೆಳಿಗ್ಗೆ ಕುರ್ಚಿ ಸಿಗಬೇಕಾದರೆ ಹಿಂದೆ ನಿಂತು ಕಾಯಬೇಕು. ಬಸ್ಸಿಗೆ ಅವಸರ ಇರುವವರು ಭಾನುವಾರ ಅಲ್ಲಿಗೆ ಹೋಗಿ ಮಾಣಿಯ ಮೇಲೆ ರೇಗಾಡುವುದು ನ್ಯಾಯವಲ್ಲ. ಅವರಿಗೆ ಹಳೇಪೇಟೆಯ ಓಣಿಗಳಲ್ಲಿ, ಪಿ.ಬಿ. ರಸ್ತೆಯ ಎರಡೂ ಬದಿಯ ಅಡ್ಡರಸ್ತೆಗಳಲ್ಲಿ ನಾಲ್ಕು ಬೆಂಚಿನ ಹೋಟ್ಲುಗಳು ಇವೆ. ಹೆಸರಿನ ಬೋರ್ಡು ಹೊಗೆ ಹಿಡಿದು ಕಪ್ಪಾಗಿರಬಹುದು. ಕಾವಲಿ ಮಾತ್ರ ಫಳಫಳ.

ಸೌದೆಯೋ ಸಿಲಿಂಡರೋ

ಒಲೆಯ ಮಾತಿಗೆ ಬಂದರೆ ಊರಿನಲ್ಲಿ ಎರಡು ಪಕ್ಷ. ಸೌದೆ ಒಲೆಯ ಮೇಲೆ ದಪ್ಪ ಕಬ್ಬಿಣದ ಕಾವಲಿ ಇಟ್ಟು ಹಾಕಿದ್ದೇ ದೋಸೆ, ಗ್ಯಾಸಿನ ಮೇಲೆ ಹಾಕಿದ್ದು ಬರೀ ತಿಂಡಿ ಎನ್ನುವುದು ಒಂದು ಪಕ್ಷ. ಬೆಂಕಿ ಹದವಾಗಿದ್ದರೆ ಯಾವುದಾದರೇನು ಎನ್ನುವುದು ಇನ್ನೊಂದು. ಇದರಲ್ಲಿ ಸ್ವಲ್ಪ ಸತ್ಯ ಎರಡೂ ಕಡೆ ಇದೆ. ಸೌದೆಯ ಬೆಂಕಿ ಕಾವಲಿಯ ಅಡಿಗೆಲ್ಲ ಹರಡುತ್ತದೆ, ದಪ್ಪ ಕಾವಲಿ ಕಾವು ಹಿಡಿದಿಟ್ಟುಕೊಳ್ಳುತ್ತದೆ, ಒಂದೇ ಸಲಕ್ಕೆ ಹಲವು ದೋಸೆ ಹಾಕಿದರೂ ತಣ್ಣಗಾಗುವುದಿಲ್ಲ. ಗ್ಯಾಸಿನ ಬರ್ನರ್ ಸಣ್ಣದಾದರೆ ನಡುವೆ ಸೀಯುತ್ತದೆ, ಅಂಚು ಹಸಿ.

ಆದರೆ ಸೌದೆಯ ಮುಂದೆ ನಿಲ್ಲುವವನ ಕಣ್ಣು, ಎದೆ ಯಾರು ನೋಡುತ್ತಾರೆ? ಬೆಳಗಿನ ಜಾವ ಒಲೆ ಹೊತ್ತಿಸಿ ಮಧ್ಯಾಹ್ನದವರೆಗೆ ಹೊಗೆಯಲ್ಲಿ ನಿಂತ ದೋಸೆ ಮಾಸ್ತರನ ಮಗ ಅದೇ ಜಾಗದಲ್ಲಿ ನಿಲ್ಲಲು ಒಪ್ಪುತ್ತಿಲ್ಲ. ಕಾಲೇಜು ಓದಿದ್ದಾನೆ, ಫ್ಯಾನಿನ ಕೆಳಗಿನ ಕೆಲಸ ಬೇಕು. ತಪ್ಪೇನಿಲ್ಲ. ಸೌದೆ ದೋಸೆಯೇ ಬೇಕು ಎನ್ನುವ ಗಿರಾಕಿ ಒಂದು ಉದ್ದನೆ ಹೊಗೆ ಕೊಳವೆ ಹಾಕಿಸಿದ ಹೋಟ್ಲಿಗೆ ಹೋದರೆ ಮಾಸ್ತರನಿಗೂ ಒಳ್ಳೆಯದು, ಪಕ್ಕದ ಮನೆಯವರಿಗೂ ಒಳ್ಳೆಯದು.

ಗ್ಯಾಸಿಗೆ ಬದಲಾದವರ ಕಷ್ಟ ಬೇರೆ. ಹೋಟ್ಲಿಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಬಳಸಬೇಕು. ಅದರ ದರ ಸಾಮಾನ್ಯವಾಗಿ ಪ್ರತಿ ತಿಂಗಳು 1ನೇ ತಾರೀಕು ಬದಲಾಗುತ್ತದೆ. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರು ಹೋಟ್ಲಿನಲ್ಲಿ ಸಿಕ್ಕರೆ ಕೇಸು. ತಿಂಗಳು ತಿಂಗಳು ದರ ಬದಲಾದಂತೆ ದೋಸೆ ದರ ಬದಲಾಯಿಸಲು ಆಗುತ್ತದೆಯೇ? ಬೋರ್ಡಿನ ಮೇಲೆ ಒಂದು ರೂಪಾಯಿ ಜಾಸ್ತಿ ಬರೆದರೆ ಹಳೇ ಗಿರಾಕಿ ಹುಬ್ಬು ಏರಿಸುತ್ತಾನೆ.

ಚಟ್ನಿ ತೆಳ್ಳಗಾಗಿದ್ದು ಯಾಕೆ

2025ರಲ್ಲಿ ಊರಿನ ಬಹಳ ಗಿರಾಕಿಗಳ ದೂರು ಒಂದೇ ಆಗಿತ್ತು: ಚಟ್ನಿ ನೀರು ನೀರು. ಹೋಟ್ಲಿನವರನ್ನು ಬೈಯುವ ಮೊದಲು ಲೆಕ್ಕ ನೋಡಬೇಕು. ಆ ವರ್ಷ ತೆಂಗಿನಕಾಯಿ ದರ ಹಿಂದೆಂದೂ ಕಾಣದಷ್ಟು ಏರಿತು. ಕಾಫಿಪುಡಿ ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹಾಲು ಏರಿದರೆ ಬೆಣ್ಣೆ ಸುಮ್ಮನೆ ಕೂರುತ್ತದೆಯೇ? ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಉಸಿರು ಕೊಟ್ಟಿತು.

ಇಂಥ ಕಾಲದಲ್ಲಿ ಹೋಟ್ಲಿನವನ ಮುಂದೆ ಮೂರು ದಾರಿ. ದರ ಏರಿಸುವುದು. ದೋಸೆ ಸಣ್ಣದು ಮಾಡುವುದು. ಇಲ್ಲವೇ ಕೊಬ್ಬರಿ ಕಡಿಮೆ ಮಾಡಿ ಹುರಿಗಡಲೆ ಜಾಸ್ತಿ ಮಾಡುವುದು. ಮೊದಲೆರಡು ಕಣ್ಣಿಗೆ ಕಾಣುತ್ತವೆ, ಮೂರನೆಯದು ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ನಾಲ್ಕನೇ ದಾರಿಯೂ ಒಂದಿದೆ, ಅದು ಕಳ್ಳ ದಾರಿ: ಬೆಣ್ಣೆ ಎಂದು ಹೇಳಿ ವನಸ್ಪತಿಯೋ ಮಾರ್ಗರಿನ್ನೋ ಸವರುವುದು. ಒಳ್ಳೆ ಬೆಣ್ಣೆ ಬಿಸಿ ದೋಸೆಯ ಮೇಲೆ ಬಿದ್ದ ಕೂಡಲೇ ಕರಗಿ ಪರಿಮಳ ಬಿಡುತ್ತದೆ, ಕೈ ಒರೆಸಿದರೆ ಹೋಗುತ್ತದೆ. ಡಾಲ್ಡಾದ ಜಿಡ್ಡು ಅಂಗಳಕ್ಕೆ ಅಂಟಿಕೊಂಡು ಕೂರುತ್ತದೆ, ಟೀ ಕುಡಿದರೂ ಬಿಡುವುದಿಲ್ಲ. ಬೋರ್ಡಿನಲ್ಲಿ “ಬೆಣ್ಣೆ” ಎಂದು ಬರೆದ ಮೇಲೆ ಬೆಣ್ಣೆಯನ್ನೇ ಹಾಕಬೇಕು. ಎರಡು ರೂಪಾಯಿ ಜಾಸ್ತಿ ತೆಗೆದುಕೊಂಡು ನಿಜ ಬೆಣ್ಣೆ ಹಾಕುವವನೇ ಮೇಲು ಎಂದು ಗಿರಾಕಿಯೂ ಒಪ್ಪಿಕೊಳ್ಳಬೇಕು. ದರ ಮಾತ್ರ ಹಳೇದು ಇರಲಿ, ಬೆಣ್ಣೆ ಮಾತ್ರ ಹೊಸದು ಇರಲಿ ಎಂದರೆ ಅದು ವ್ಯಾಪಾರವಲ್ಲ, ದಾನ.

ಮಧ್ಯಾಹ್ನಕ್ಕೆ ರೊಟ್ಟಿ

ಹೊತ್ತು ನೆತ್ತಿಗೆ ಬಂದ ಮೇಲೆ ದೋಸೆ ಸಾಲದು. ಮಂಡಿಗೆ ಬಂದವರು, ಕೋರ್ಟಿಗೆ ಬಂದವರು, ಆಸ್ಪತ್ರೆಯಲ್ಲಿ ರೋಗಿ ಮಲಗಿಸಿ ಹೊರಗೆ ಕಾಯುವವರು ಹುಡುಕುವುದು ಖಾನಾವಳಿ. ದಾವಣಗೆರೆ ಉತ್ತರ ಕರ್ನಾಟಕದ ಹೊಸ್ತಿಲು. ತಟ್ಟೆಯಲ್ಲೂ ಹಾಗೆಯೇ. ಅರ್ಧ ರೊಟ್ಟಿಯ ನಾಡು, ಅರ್ಧ ಅನ್ನದ ನಾಡು. ಜಗಳೂರು ಕಡೆಯ ಜೋಳ ಒಂದು ಕಡೆಯಿಂದ, ಭದ್ರಾ ನಾಲೆಯ ಭತ್ತ ಇನ್ನೊಂದು ಕಡೆಯಿಂದ ಒಂದೇ ತಟ್ಟೆಗೆ ಬಂದು ಬೀಳುತ್ತವೆ.

ಒಳ್ಳೆ ಖಾನಾವಳಿಯ ಗುರುತು ಕೇಳಬೇಕು, ನೋಡಬೇಕಾಗಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಬರುತ್ತಿರಬೇಕು. ಸದ್ದಿಲ್ಲದೆ ರೊಟ್ಟಿ ಬಂದರೆ ಅದು ಬೆಳಿಗ್ಗೆಯದು. ಬಿಸಿ ರೊಟ್ಟಿಗೆ ಬದನೆಕಾಯಿ ಎಣಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿಪುಡಿಗೆ ಮೊಸರು, ಪಕ್ಕಕ್ಕೆ ಹಸಿ ಈರುಳ್ಳಿ, ಸೌತೆಕಾಯಿ. ಆಮೇಲೆ ಒಂದಿಷ್ಟು ಅನ್ನ ಸಾರು. ಮಾಂಸದ ಊಟ ಬೇಕೆನ್ನುವವರಿಗೆ ಅದರ ಖಾನಾವಳಿಗಳು ಬೇರೆ. ಅಲ್ಲಿಯೂ ರೊಟ್ಟಿಯ ಸದ್ದೇ ಪರೀಕ್ಷೆ.

ಈ ರೊಟ್ಟಿಯ ಹಿಂದೆ ಇರುವುದು ಹೆಣ್ಣುಮಕ್ಕಳ ಕೈ. ಬಹಳ ಖಾನಾವಳಿಗಳಲ್ಲಿ ಮುಂದೆ ಗಲ್ಲಾದಲ್ಲಿ ಗಂಡಸು, ಒಳಗೆ ಒಲೆಯ ಮುಂದೆ ಹೆಂಗಸರು. ರೊಟ್ಟಿ ಲೆಕ್ಕದ ಮೇಲೆ ಕೂಲಿ. ರೊಟ್ಟಿ ಬಡಿಯುವ ಮಿಷನ್ನು ಬಂದಿದೆ. ಆದರೂ ಕೈರೊಟ್ಟಿಗೆ ಗಿರಾಕಿ ಬಿಟ್ಟಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮೊದಲು ಒಲೆ ಆರಿಸಿದ್ದು ಇಂಥ ಸಣ್ಣ ಖಾನಾವಳಿಗಳೇ. ಪಾರ್ಸಲ್ ಕೊಡಬಹುದು ಎಂದರೂ, ಬಸ್ಸೇ ಇಲ್ಲದ ಮೇಲೆ ಪಾರ್ಸಲ್ ಯಾರಿಗೆ? ಅಂದು ಮುಚ್ಚಿದ ಕೆಲವು ಬಾಗಿಲುಗಳು ಮತ್ತೆ ತೆರೆಯಲಿಲ್ಲ. ಉಳಿದುಕೊಂಡವರು ತಿಂಗಳ ಊಟದ ಗಿರಾಕಿಗಳನ್ನು ನಂಬಿ ಉಳಿದರು: ಬಟ್ಟೆ ಅಂಗಡಿ ಗುಮಾಸ್ತರು, ಔಷಧಿ ಕಂಪನಿಯ ಹುಡುಗರು, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳು.

ಬಸ್ಸಿಗೆ ಅರ್ಧ ಗಂಟೆ ಮಾತ್ರ ಇದ್ದರೆ ಖಾನಾವಳಿಗೆ ಹೋಗಬೇಡಿ. ರೊಟ್ಟಿ ಊಟ ಅವಸರದ ಊಟವಲ್ಲ. ಅಂಥವರಿಗೆ ಪಡ್ಡು ಇದೆ, ಒಗ್ಗರಣೆ ಮಂಡಕ್ಕಿ ಇದೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಸಂಜೆ ನಾಲ್ಕರ ಮೇಲೆ ಮಂಡಕ್ಕಿ ರಾಜ್ಯ

ದೋಸೆ ಪರಊರಿನವರಿಗೆ, ಮಂಡಕ್ಕಿ ಊರಿನವರಿಗೆ ಎಂದು ದಾವಣಗೆರೆಯವರೇ ತಮಾಷೆ ಮಾಡುತ್ತಾರೆ. ಸಂಜೆ ನಾಲ್ಕಾದರೆ ಅಂಗಡಿ ಸಾಲಿನಲ್ಲಿ ಒಬ್ಬ ಹುಡುಗ ಎದ್ದು ಹೊರಡುತ್ತಾನೆ. ಎಲ್ಲಿಗೆ ಎಂದು ಕೇಳುವುದೇ ಬೇಡ. ಹತ್ತು ಅಂಗಡಿಯ ಮಂಡಕ್ಕಿ, ಮಿರ್ಚಿ ಆರ್ಡರು ಅವನ ತಲೆಯಲ್ಲಿ. ವ್ಯಾಪಾರ ಆಗಲಿ ಬಿಡಲಿ, ಸಂಜೆ ಮಂಡಕ್ಕಿ ಆಗಲೇಬೇಕು.

ಬಗೆ ಇಲ್ಲಿಯೂ ಮೂರು. ಖಾರ ಮಂಡಕ್ಕಿ ಎಂದರೆ ಒಗ್ಗರಣೆ ಕೊಟ್ಟು ಗರಿಗರಿ ಇಟ್ಟದ್ದು. ಮಸಾಲೆ ಮಂಡಕ್ಕಿ ಎಂದರೆ ಈರುಳ್ಳಿ, ಟೊಮೇಟೊ ಮಸಾಲೆಯಲ್ಲಿ ಕಲಸಿದ್ದು, ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಮುದ್ದೆ. ನರ್ಗಿಸ್ ಮಂಡಕ್ಕಿ ಎಂದರೆ ಈ ಊರಿನ ಸ್ವಂತ ಸೊತ್ತು: ಹುರಿಗಡಲೆ ಹಿಟ್ಟು, ಖಾರ, ಎಣ್ಣೆ ಒಗ್ಗರಣೆ ಹಿಡಿದ ಹಳದಿ ಮಂಡಕ್ಕಿಗೆ ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ. ಹುಬ್ಬಳ್ಳಿಯವರು ಗಿರ್ಮಿಟ್ ದೊಡ್ಡದು ಅನ್ನುತ್ತಾರೆ. ಇದ್ದೀತು. ಆ ಜಗಳ ಇಲ್ಲಿ ಬೇಡ.

ಜೊತೆಗೆ ಮಿರ್ಚಿ ಇಲ್ಲದಿದ್ದರೆ ಮಂಡಕ್ಕಿ ವಿಧವೆ. ಉದ್ದನೆ ಹಸಿಮೆಣಸಿನಕಾಯಿ ಸೀಳಿ, ಓಂಕಾಳು ಉಪ್ಪು ಹಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುವುದು. ಎಣ್ಣೆಯಿಂದ ತೆಗೆದ ಎರಡು ನಿಮಿಷದೊಳಗೆ ಬಾಯಿಗೆ ಹೋಗಬೇಕು. ಹೆದರುವವರು ಬೀಜ ತೆಗೆಸಿಕೊಳ್ಳಬಹುದು. ಪಕ್ಕದವರು ನಗುತ್ತಾರೆ, ಅಷ್ಟೇ.

ಇಲ್ಲಿ ಎರಡು ಎಚ್ಚರ ಬೇಕು. ಒಂದು, ಎಣ್ಣೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಕೆಟ್ಟ ಅಂಶ ಹೆಚ್ಚುತ್ತದೆ. ಅದು ಶೇಕಡಾ 25 ದಾಟಿದ ಎಣ್ಣೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಗಿರಾಕಿಯ ಜೇಬಿನಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಕಣ್ಣು ಇರುತ್ತದಲ್ಲ. ಬಾಣಲೆಯ ಎಣ್ಣೆ ಡಿಕಾಕ್ಷನ್ ಹಾಗೆ ಕಪ್ಪಾಗಿ, ಮಂದವಾಗಿ, ನೊರೆ ಬಿಡುತ್ತ, ಸುಮ್ಮನೆ ಹೊಗೆ ಆಡುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

ಎರಡು, ಕಾಗದ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು, ಮಸಿಯಲ್ಲಿ ವಿಷದ ಅಂಶ ಇರುತ್ತದೆ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ, 2023ರಲ್ಲಿ ಮತ್ತೊಮ್ಮೆ ಹೇಳಿದೆ. ಬಿಸಿ ಮಿರ್ಚಿಯ ಎಣ್ಣೆಗೆ ಮಸಿ ಕರಗಿ ಅಂಟುತ್ತದೆ. ಪತ್ರಿಕೆ ಇರುವುದು ಓದುವುದಕ್ಕೆ, ಮಿರ್ಚಿ ಒರೆಸುವುದಕ್ಕಲ್ಲ. ಈ ಪತ್ರಿಕೆಗೂ ಅದೇ ಮಾತು.

ಭಟ್ಟಿಯ ಮುಂದೆ ಇರುವವರು

ಇಷ್ಟೆಲ್ಲ ಮಂಡಕ್ಕಿ ಎಲ್ಲಿಂದ ಬರುತ್ತದೆ? ತಿನ್ನುವವರು ಬಹಳ, ಆ ಕಡೆ ಹೋಗಿ ನೋಡಿದವರು ಕಡಿಮೆ. ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಈ ಊರಿನಲ್ಲಿದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೆಂಪಗೆ ಕಾದ ಮರಳಿಗೆ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೇಳಲು ಸುಲಭ. ಊರು ಮಲಗಿರುವಾಗ ಎದ್ದು, ಗಂಡ ಹೆಂಡತಿ ಇಬ್ಬರೂ ಬೆಂಕಿಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಬೇಸಿಗೆಯಲ್ಲಿ ಹೊರಗೆ ಕೆಂಡ, ಒಳಗೆ ಕೆಂಡ. ಮಳೆಗಾಲದಲ್ಲಿ ಅಕ್ಕಿ ಒಣಗುವುದಿಲ್ಲ, ಭಟ್ಟಿ ಹೊತ್ತುವುದಿಲ್ಲ, ಕೂಲಿ ಇಲ್ಲ.

ಹೊಗೆಯ ಗಲಾಟೆ ಹಳೆಯದು. ಉರುವಲು ತುಟ್ಟಿಯಾದಾಗ ಹಳೇ ಟೈರು ಸುಟ್ಟರು, ಕಪ್ಪು ಹೊಗೆ ಎದ್ದಿತು, ಸುತ್ತಲಿನ ಮನೆಯವರು ದೂರು ಕೊಟ್ಟರು. ಇಬ್ಬರದೂ ನ್ಯಾಯವೇ. ಟೈರು ಹೊಗೆ ಕುಡಿಯುವ ಮಕ್ಕಳ ತಾಯಿಯದೂ ನ್ಯಾಯ, ಸೌದೆ ಕೊಳ್ಳಲಾಗದ ಭಟ್ಟಿಯವನ ಅಳಲೂ ಸುಳ್ಳಲ್ಲ. ಮೊದಲು ಹೊಗೆ ಕುಡಿಯುವವನೂ ಅವನೇ, ಅವನ ಮಕ್ಕಳೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಹೆಸರು ಬಂತು. ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಯೋಜನೆಯ ಮಾತಿನಲ್ಲಿತ್ತು. ಸ್ಮಾರ್ಟ್ ಸಿಟಿ ಮಿಷನ್ನಿನ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಹೊಗೆಯ ಅವಧಿ ಮುಗಿಯಿತೇ ಎಂಬುದನ್ನು ಕಚೇರಿಯ ಕಾಗದದಲ್ಲಿ ನೋಡಬಾರದು, ಅಲ್ಲಿ ಬಟ್ಟೆ ಒಣಹಾಕುವ ತಾಯಂದಿರನ್ನು ಕೇಳಬೇಕು.

ಮಂಡಕ್ಕಿ ತಿನ್ನುವ ಊರು ಭಟ್ಟಿಯನ್ನು ಊರಾಚೆ ಓಡಿಸಿ ಎಂದರೆ ಸಾಲದು. ಹೊಗೆ ಕಡಿಮೆ ಮಾಡುವ ಒಲೆ, ಕೈಗೆಟುಕುವ ಉರುವಲು, ಮಳೆಗಾಲದಲ್ಲಿ ಅಕ್ಕಿ ಒಣಗಿಸಲು ಒಂದು ಸೂರು, ಇಷ್ಟು ಕೊಟ್ಟು ಆಮೇಲೆ ಟೈರು ಸುಟ್ಟವನಿಗೆ ದಂಡ ಹಾಕಲಿ. ಯಾರೂ ಬೇಡ ಅನ್ನುವುದಿಲ್ಲ.

ಫೋನಿನ ದುಡ್ಡು, ನೋಟೀಸಿನ ಭಯ

ಈಗ ವ್ಯಾಪಾರಸ್ಥರಿಗೆ ಬೇಕಾದ ಮಾತು. ಗಾಡಿಯವನಿಂದ ಹಿಡಿದು ದೊಡ್ಡ ಹೋಟ್ಲಿನವರೆಗೆ ಎಲ್ಲರ ಮುಂದೆ ಫೋನಿನಲ್ಲಿ ದುಡ್ಡು ಹಾಕುವ ಚೌಕಟ್ಟು ತೂಗುತ್ತಿದೆ. ಚಿಲ್ಲರೆ ಜಗಳ ಹೋಯಿತು ಎಂದು ಎಲ್ಲರೂ ಖುಷಿಪಟ್ಟರು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ಖುಷಿ ಇಳಿಯಿತು. “ಫೋನ್ ಪೇ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಬೆಂಗಳೂರಿನ ಅಂಗಡಿಗಳ ಮುಂದೆ ಬಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿಗೆ ಒತ್ತಾಯ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಗದ್ದಲ ತಣ್ಣಗಾಯಿತು.

ಭಯಕ್ಕೆ ಮದ್ದು ಚೀಟಿ ಅಂಟಿಸುವುದಲ್ಲ, ಲೆಕ್ಕ ತಿಳಿಯುವುದು. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿ ಬೇಡ. ಆದರೆ ಹೋಟ್ಲಿನ ಊಟ ತಿಂಡಿಯನ್ನು ಕಾನೂನು ಸೇವೆ ಎಂದು ಎಣಿಸುತ್ತದೆ. ಸೇವೆಗೆ ಮಿತಿ 20 ಲಕ್ಷ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 20 ಲಕ್ಷ ಆಗಿಬಿಡುತ್ತದೆ. ಇದು ಲಾಭವಲ್ಲ ಸ್ವಾಮಿ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ದುಡ್ಡು. ಒಂದು ಓಡುವ ದೋಸೆ ಹೋಟ್ಲಿಗೆ ಇದೇನು ದೊಡ್ಡ ಮೊತ್ತವಲ್ಲ. ಮಿತಿ ದಾಟಿದವರಿಗೆ ರಾಜಿ ತೆರಿಗೆ ಪದ್ಧತಿ ಇದೆ. ವಹಿವಾಟು ಒಂದೂವರೆ ಕೋಟಿ ರೂಪಾಯಿ ಒಳಗಿದ್ದರೆ ಒಟ್ಟು ವ್ಯಾಪಾರದ ಮೇಲೆ ಶೇಕಡಾ 5 ಕಟ್ಟಿದರೆ ಆಯಿತು, ಮೂರು ತಿಂಗಳಿಗೊಮ್ಮೆ ಲೆಕ್ಕ. ಆದರೆ ಆ 5ನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ವಸೂಲು ಮಾಡುವ ಹಾಗಿಲ್ಲ. ಮಾಡಿದವರ ಬಿಲ್ಲು ಕಂಡರೆ ಗಿರಾಕಿ ಕೇಳಬಹುದು.

ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ಸಮೀಕ್ಷೆಯಲ್ಲಿ ಹೆಸರು ಬರೆಸಿ ಪಾಲಿಕೆಯಿಂದ ಗುರುತಿನ ಚೀಟಿ ಪಡೆದವನನ್ನು ಬಂದವರೆಲ್ಲ ಎತ್ತಂಗಡಿ ಮಾಡುವ ಹಾಗಿಲ್ಲ. 2020ರ ಜೂನ್‌ನಲ್ಲಿ ಶುರುವಾದ ಸ್ವನಿಧಿ ಸಾಲ ಮೊದಲು 10 ಸಾವಿರ ರೂಪಾಯಿ ಇತ್ತು. ಸರಿಯಾಗಿ ತೀರಿಸಿದವರಿಗೆ ಮುಂದಿನ ಕಂತು ದೊಡ್ಡದು. ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ ಹೋಗುವ ಮೊದಲು ಬ್ಯಾಂಕಿನ ಬಾಗಿಲು ತಟ್ಟಿ ನೋಡಬಹುದು.

ಕತ್ತಲಾದ ಮೇಲೆ

ರಾತ್ರಿಯ ದಾವಣಗೆರೆ ಹುಡುಗರದು. ಓದಲು ಬಂದವರ ಊರು ಇದು. ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿದ್ದು 1958ರಲ್ಲಿ. ಅಂದಿನಿಂದ ವೈದ್ಯಕೀಯ, ಎಂಜಿನಿಯರಿಂಗ್ ಎಂದು ದೇಶದ ಮೂಲೆಮೂಲೆಯ ಹುಡುಗರು ಇಲ್ಲಿ ಬಂದು ಬೆಣ್ಣೆ ದೋಸೆಯಲ್ಲೇ ಕನ್ನಡ ಕಲಿತು ಹೋಗಿದ್ದಾರೆ. ಕಾಲೇಜುಗಳ ಕಡೆಯ ರಸ್ತೆಗಳಲ್ಲಿ ರಾತ್ರಿ ಎಗ್‌ರೈಸ್, ಗೋಬಿ ಮಂಚೂರಿ ಗಾಡಿಗಳು.

ಗೋಬಿ ಮಂಚೂರಿ ಕೆಂಪು ನೋಡಿ ಮರುಳಾಗುವ ಕಾಲ ಹೋಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಎಂದು ನಿಷೇಧ ತಂದಿತು. ರೋಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಹೊಟ್ಟೆಗೆ ಹೋಗುತ್ತಿತ್ತು. ಆದ್ದರಿಂದ ಗೋಬಿ ಕಂದು ಇದ್ದರೆ ಒಳ್ಳೆಯದೆಂದೇ ತಿಳಿಯಿರಿ. ಕುಂಕುಮದ ಹಾಗೆ ಇದ್ದರೆ ದೂರದಿಂದಲೇ ಕೈಮುಗಿಯಿರಿ. ಹಾಗೆಯೇ 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುವುದಕ್ಕೂ ನಿಷೇಧ ಬಂತು. ಬೆಳಗಿನ ಇಡ್ಲಿ ತಿನ್ನುವವರು ಹಬೆ ಪಾತ್ರೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಬಿಳಿ ಪಂಚೆ ತುಂಡು ಕಂಡರೆ ಧೈರ್ಯವಾಗಿ ಕೂರಬಹುದು.

ಗಿರಾಕಿಗೆ ನಾಲ್ಕು ಮಾತು

ಒಂದು. ಜನ ಇರುವ ಕಡೆ ತಿನ್ನಿ. ಗಿರಾಕಿ ಓಡಾಟ ಇದ್ದಲ್ಲಿ ಹಿಟ್ಟು ಉಳಿಯುವುದಿಲ್ಲ, ಪಲ್ಯ ಹಳಸುವುದಿಲ್ಲ. ಬರೀ ಬೋರ್ಡು ದೊಡ್ಡದಿದ್ದು ಕುರ್ಚಿ ಖಾಲಿ ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ.

ಎರಡು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತಟ್ಟೆ ಎಲ್ಲಿ ತೊಳೆಯುತ್ತಾರೆ ನೋಡಿ. ಒಂದೇ ಬಕೆಟ್ಟಿನ ನೀರಿನಲ್ಲಿ ನೂರು ತಟ್ಟೆ ಅದ್ದುವವನ ದೋಸೆ ಅಮೃತವಾದರೂ ಬೇಡ.

ಮೂರು. ಕೊರತೆ ಇದ್ದರೆ ಗಲ್ಲಾದಲ್ಲಿ ಕೂತವರಿಗೆ ಮೆಲ್ಲಗೆ ಹೇಳಿ. ಮಾಣಿಯ ಮೇಲೆ ಕೂಗಾಡಬೇಡಿ. ಹಿಟ್ಟು ಅರೆದವನೂ ಅವನಲ್ಲ, ದರ ಹಾಕಿದವನೂ ಅವನಲ್ಲ. ದೂರದ ಊರಿನಿಂದ ಬಂದು ಹೋಟ್ಲಿನ ಅಟ್ಟದ ಮೇಲೆ ಮಲಗುವ ಹುಡುಗ. ಅವನು ಹದಿನಾಲ್ಕು ತುಂಬದ ಮಗು ಎಂದು ಅನಿಸಿದರೆ ಮಾತ್ರ ಸುಮ್ಮನೆ ಎದ್ದು ಹೋಗಬೇಡಿ, 1098ಕ್ಕೆ ಫೋನು ಮಾಡಿ. ದೋಸೆ ರುಚಿ ಆಮೇಲೆ.

ನಾಲ್ಕು. ಹೆಸರಾದ ಹೋಟ್ಲಿಗೆ ಒಮ್ಮೆ ಹೋಗಿ, ಹೆಸರಿಲ್ಲದ ಹೋಟ್ಲಿಗೆ ಎರಡು ಸಲ ಹೋಗಿ. ಹೆಸರಾದವರಿಗೆ ಬೆಂಗಳೂರಿನಿಂದಲೂ ಗಿರಾಕಿ ಬರುತ್ತಾರೆ. ಓಣಿಯ ನಾಲ್ಕು ಬೆಂಚಿನವನಿಗೆ ಈ ಊರಿನವರೇ ಗತಿ. ಅವನ ಒಲೆ ಆರಿದರೆ ನಾಳೆ ಬಸ್ಸು ಇಳಿದವರಿಗೆ ತೋರಿಸಲು ಬೋರ್ಡುಗಳು ಮಾತ್ರ ಉಳಿಯುತ್ತವೆ.

ಮತ್ತೆ ಕೊನೆಯದಾಗಿ, ತಿಂದು ಮುಗಿದ ಮೇಲೆ ತಟ್ಟೆಯ ಮುಂದೆ ಕೂತು ರಾಜಕೀಯ ಮಾತಾಡುವ ಚಟ ಈ ಊರಿಗೆ ಸ್ವಲ್ಪ ಜಾಸ್ತಿ. ಮಾತಾಡಲಿ, ಬೇಡ ಅನ್ನುವವರಿಲ್ಲ. ಟೀ ಅಂಗಡಿ ಕಟ್ಟೆ ಅದಕ್ಕೇ ಇದೆ. ದೋಸೆ ಹೋಟ್ಲಿನಲ್ಲಿ ಮಾತ್ರ ಕೈ ತೊಳೆದ ಕೂಡಲೇ ಎದ್ದು ಜಾಗ ಬಿಡಿ. ಹಿಂದೆ ಒಬ್ಬರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತ ನಿಂತಿರುತ್ತಾರೆ.